ಐದು ಹೂವಿನ ವಿಮರ್ಶೆ

ಭಾನುವಾರ ಬೆಳಿಗ್ಗೆ ಗೌರೀಶಂಕರ ಮೇಷ್ಟ್ರ ಮನೆಯ ಗೇಟಿನೊಳಕ್ಕೆ ‘ಬಡಾವಣೆ ಬಂಧು’ ವಾರಪತ್ರಿಕೆ ಬಂದು ಬಿತ್ತು. ಅದರ ಆರನೆಯ ಪುಟದಲ್ಲಿ ಐದು ನಕ್ಷತ್ರಗಳಿದ್ದವು. ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಅಷ್ಟೇ.

ಇಟ್ಟಮಡುವಿನಲ್ಲಿ ಮೇಷ್ಟ್ರನ್ನು ಅರಿಯದವರಿಲ್ಲ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಅಷ್ಟು ವರ್ಷದಲ್ಲಿ ಯಾವ ಮಗುವಿಗೂ ನೂರಕ್ಕೆ ಅರವತ್ತರ ಮೇಲೆ ಕೊಟ್ಟವರಲ್ಲ. ನಿವೃತ್ತರಾದ ಮೇಲೆ ಆ ಕೆಂಪು ಪೆನ್ನಿನ ಕೈಯನ್ನು ಸುಮ್ಮನಿರಿಸಲಾಗದೆ ‘ನೇರ ನೋಟ’ ಎಂಬ ಅಂಕಣದಲ್ಲಿ ಸಿನಿಮಾ ವಿಮರ್ಶೆ ಬರೆಯತೊಡಗಿದ್ದರು. ಹನ್ನೊಂದು ವರ್ಷದಲ್ಲಿ ಒಂದು ಚಿತ್ರಕ್ಕೂ ಎರಡೂವರೆ ನಕ್ಷತ್ರ ದಾಟಿಸಿರಲಿಲ್ಲ. “ಮೇಷ್ಟ್ರು ಸುಳ್ಳು ಬರೆಯಲ್ಲ” ಎಂದು ಬನಶಂಕರಿಯಿಂದ ಸಾರಕ್ಕಿಯವರೆಗೆ ಜನ ಹೇಳುತ್ತಿದ್ದರು. ಮೇಷ್ಟ್ರು ಈ ವಯಸ್ಸಿನಲ್ಲೂ ಎದೆ ಸೆಟೆಸಿ ನಡೆಯುತ್ತಿದ್ದುದು ಆ ಒಂದು ಮಾತಿನ ಬಲದಿಂದಲೇ.

ಅಂಥವರ ಫೋಟೋದ ಕೆಳಗೆ ‘ಬೋಲ್ಟ್ ಭೈರವ: ಭಾಗ ಎರಡು’ ಚಿತ್ರಕ್ಕೆ ಐದಕ್ಕೆ ಐದು ನಕ್ಷತ್ರ! ಮುನ್ನೂರು ಕೋಟಿ ಸುರಿದು, ಒಂದು ಕಬ್ಬಿಣದ ರೋಬೋ ಕೈಯಲ್ಲಿ ಊರಿನ ಕಟ್ಟಡಗಳನ್ನೆಲ್ಲ ಕೆಡವಿಸಿದ ಸಿನಿಮಾ ಅದು.

“ಉಮಾ!” ಎಂದು ಮೇಷ್ಟ್ರು ಕಿರುಚಿದ ರಭಸಕ್ಕೆ ಅಡುಗೆಮನೆಯಲ್ಲಿ ಉಮಾಮಹೇಶ್ವರಿಯವರ ಕೈಯಿಂದ ಸೌಟು ಜಾರಿತು.

“ನಾನು ಕೊಟ್ಟಿದ್ದು ನಕ್ಷತ್ರ ಅಲ್ಲ ಕಣೇ, ಹೂವು! ಜನರ ಕಿವಿಗೆ ಹೂವಿಟ್ಟಿದ್ದಾರೆ, ಇದಕ್ಕೆ ನಕ್ಷತ್ರ ಬೇರೆ ಯಾಕೆ, ಕಿವಿಗೆ ಇಡೋ ಹೂವನ್ನೇ ಕೊಡ್ತೀನಿ ಅಂತ ಬರೆದು, ಕೆಳಗೆ ನನ್ನ ಕೈಯಾರೆ ಐದು ದಾಸವಾಳ ಬಿಡಿಸಿದ್ದೆ.”

“ಬರೆದ ಎಂಟುನೂರು ಪದ ಎಲ್ಲಿ? ಇಲ್ಲಿ ಮೂರೇ ಸಾಲಿದೆ” ಎಂದರು ಉಮಾಮಹೇಶ್ವರಿ, ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು.

ನಿಜ. ಮೊದಲ ಎರಡು ಸಾಲು ಇದ್ದವು: ‘ಬೋಲ್ಟ್ ಭೈರವ ಮತ್ತೆ ಬಂದಿದ್ದಾನೆ. ಮುನ್ನೂರು ಕೋಟಿ ಖರ್ಚಾಗಿದೆಯಂತೆ.’ ಆಮೇಲೆ ನೇರವಾಗಿ ಕೊನೆಯ ಸಾಲು. ಮೇಷ್ಟ್ರು ಬರೆದದ್ದು ‘ಕಿವಿ ಖಾಲಿ ಇರುವವರೆಲ್ಲ ಕುಟುಂಬ ಸಮೇತ ಹೋಗಿಬನ್ನಿ’ ಎಂದು. ಅಚ್ಚಾದದ್ದು ‘ಕುಟುಂಬ ಸಮೇತ ಹೋಗಿಬನ್ನಿ’ ಎಂದು. ನಡುವಿನ ಬೈಗುಳವೆಲ್ಲ ಮಾಯವಾಗಿ, ಆ ಜಾಗದಲ್ಲಿ ಅರ್ಧ ಪುಟದ ಜಾಹೀರಾತು ಕೂತಿತ್ತು. ಭೈರವ ಗೊಂಬೆ, ಭೈರವ ಮುಖವಾಡ, ಭೈರವ ಊಟದ ಡಬ್ಬಿ, ಭೈರವ ಛತ್ರಿ, ಕೊನೆಗೆ ಭೈರವನ ಚಿತ್ರವಿರುವ ಚಡ್ಡಿ. ಎಲ್ಲವೂ ಜಯನಗರ ನಾಲ್ಕನೇ ಬ್ಲಾಕಿನ ಸಿದ್ದಾರೂಢ ಟಾಯ್ಸ್‌ನಲ್ಲಿ ಲಭ್ಯ.

ಅಷ್ಟರಲ್ಲಿ ಎದುರು ಮನೆಯ ಸತ್ಯಭಾಮಾ ಗೇಟು ತೆರೆದುಕೊಂಡೇ ಬಂದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ ಹೆಂಗಸು. ಬಡಾವಣೆಯ ಎಲ್ಲ ವಿಷಯಕ್ಕೂ ಈಗಲೂ ಅವರ ಸಹಿ ಬೀಳಲೇಬೇಕು.

“ಮೇಷ್ಟ್ರೇ, ಕೊನೆಗೂ ನಿಮ್ಮ ಬಾಯಲ್ಲಿ ಒಳ್ಳೆ ಮಾತು ಬಂತಲ್ಲ! ನಾನು ಮೊಮ್ಮಕ್ಕಳ ಜೊತೆ ಎರಡು ಸಲ ನೋಡಿದೆ. ಕೊನೇಲಿ ಆ ರೋಬೋ ಮಗೂನ ತೊಡೆ ಮೇಲೆ ಹಾಕ್ಕೊಂಡು ಅಳುತ್ತಲ್ಲ, ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ.”

“ರೋಬೋ ಅಳೋದಾ? ಅಂಥ ದೃಶ್ಯವೇ ಇಲ್ಲ ಮೇಡಂ. ನಾನು ರೆಪ್ಪೆ ಮುಚ್ಚದೆ ನೋಡಿದೀನಿ. ನೀವು ನಿದ್ದೆ ಮಾಡಿರ್ತೀರ.”

“ನಾನಾ? ಎರಡು ಸಲಾನಾ?” ಎಂದು ಸತ್ಯಭಾಮಾ ಸೊಂಟದ ಮೇಲೆ ಕೈಯಿಟ್ಟರು. ಮೇಷ್ಟ್ರು ವಾದಕ್ಕೆ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ತಿಂಡಿ ತಟ್ಟೆಯಲ್ಲೇ ಉಳಿಯಿತು.

ದಾರಿಯಲ್ಲಿ ಪಾರ್ಕಿನ ಬೆಂಚಿನಿಂದ ಗುಂಡಣ್ಣ ಕೂಗಿದರು. ಮೇಷ್ಟ್ರ ಜೊತೆ ದಿನಾ ವಾಕಿಂಗ್ ಬರುವ ಗೆಳೆಯರು ಅವರು.

“ಏನ್ರೀ ಗೌರೀಶಂಕರ್, ಎಷ್ಟು ಗೊಂಬೆ ಕೊಟ್ರು?”

“ಏನಂದ್ರಿ?”

“ಅಲ್ಲಾ, ಹನ್ನೊಂದು ವರ್ಷ ಗಟ್ಟಿಯಾಗಿದ್ದೋರು ಒಂದೇ ಸಲ ಐದು ಸ್ಟಾರ್ ಕೊಟ್ರಿ ಅಂದ್ರೆ, ಬರೀ ಟಿಫನ್ ಡಬ್ಬಿಗೆ ಬಗ್ಗೋ ಆಸಾಮಿ ಅಲ್ಲ ನೀವು. ಛತ್ರಿನೂ ಕೊಟ್ಟಿರ್ಬೇಕು.”

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಸರಸರನೆ ಮುಂದೆ ಹೆಜ್ಜೆ ಹಾಕಿದರು. ಕಟ್ಟಿದ ಹೆಸರನ್ನು ಐದು ಮೂಲೆಯ ಐದು ಚುಕ್ಕಿ ಹೀಗೆ ಒಂದೇ ಬೆಳಗಿನಲ್ಲಿ ಉರುಳಿಸಬಹುದೇ? ಯಾವನಿಗಾದರೂ ಸಿಟ್ಟು ಬರುವ ವಿಷಯವೇ ಅದು. ಮೇಷ್ಟ್ರಿಗಂತೂ ಸಿಟ್ಟು ಬರಲು ಇಷ್ಟು ಕಾರಣ ಯಾವತ್ತೂ ಬೇಕಾಗಿದ್ದಿಲ್ಲ.

‘ಬಡಾವಣೆ ಬಂಧು’ವಿನ ಕಚೇರಿ ಎಂದರೆ ಬನಶಂಕರಿ ಎರಡನೇ ಹಂತದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಸಂಪಾದಕ ಶಶಿಕಾಂತ್ ಬನಿಯನ್ನಿನಲ್ಲಿ ಕೂತು ಇಡ್ಲಿ ತಿನ್ನುತ್ತಿದ್ದ. ಅವನು ಮೇಷ್ಟ್ರ ಹಳೆಯ ಶಿಷ್ಯ. ನೂರಕ್ಕೆ ಮೂವತ್ತೈದು ಪಡೆದವನು.

“ನನ್ನ ಹೂವು ಎಲ್ಲೋ?” ಎಂದರು ಮೇಷ್ಟ್ರು ಬಾಗಿಲಲ್ಲೇ.

ಶಶಿಕಾಂತ್ ಎದ್ದು ನಿಂತ. “ಸಾರ್, ನಮ್ಮ ಸಾಫ್ಟ್‌ವೇರಲ್ಲಿ ಹೂವು ಇಲ್ಲ ಸಾರ್. ನೀವು ಬರೆದ ಹೂವಿಗೆ ಐದು ಎಸಳಿತ್ತು, ಸ್ಟಾರಿಗೂ ಐದು ಮೂಲೆ ಇದೆ. ಹತ್ರಹತ್ರ ಹೋಗುತ್ತೆ ಅಂತ...”

“ಹತ್ರಹತ್ರ ಹೋಗುತ್ತಾ? ಮತ್ತೆ ನನ್ನ ಎಂಟುನೂರು ಪದ?”

“ಕೊನೇ ಗಳಿಗೇಲಿ ಆಡ್ ಬಂತು ಸಾರ್. ಹಬ್ಬ ಬಿಟ್ರೆ ನಮಗೆ ಅರ್ಧ ಪುಟ ಯಾರು ಕೊಡ್ತಾರೆ? ಮುಂದಿನ ವಾರ ಎರಡು ಸಾಲು ತಿದ್ದುಪಡಿ ಹಾಕ್ತೀನಿ. ಮೂಲೇಲಿ.”

“ಮಾನ ಹೋಗಿರೋದು ಆರನೇ ಪುಟದ ಮಧ್ಯದಲ್ಲಿ. ವಾಪಸ್ ಬರೋದು ಮೂಲೇಲಾ?”

ಶಶಿಕಾಂತ್ ತಲೆ ಕೆರೆದುಕೊಂಡ. ಸಮಾಧಾನಪಡಿಸಲು ಹೋಗಿ ಇನ್ನೊಂದು ಎಡವಟ್ಟು ಮಾಡಿದ. “ಬೇಜಾರು ಮಾಡ್ಕೊಬೇಡಿ ಸಾರ್. ನಿನ್ನೆ ಪುಟ ತೋರಿಸಿದಾಗ ಆ ಅಂಗಡಿಯವರಿಗಂತೂ ಎಷ್ಟು ಖುಷಿಯಾಯ್ತು ಅಂದ್ರೆ, ರಾತ್ರೋರಾತ್ರಿ ನಿಮ್ಮ ಫೋಟೋ ದೊಡ್ಡದು ಮಾಡಿ ಫ್ಲೆಕ್ಸ್ ಹಾಕ್ಸಿದಾರಂತೆ.”

ಮೇಷ್ಟ್ರು ಮೆಟ್ಟಿಲನ್ನು ಎರಡೆರಡಾಗಿ ಇಳಿದರು. ಎಪ್ಪತ್ತೊಂದರ ಮಂಡಿ ಪ್ರತಿಭಟಿಸಿತು. ಅದರ ಮಾತನ್ನು ಯಾರು ಕೇಳಬೇಕು?

ಭಾನುವಾರದ ನಾಲ್ಕನೇ ಬ್ಲಾಕು ಎಂದಿನಂತೆ ಜಾತ್ರೆಯಾಗಿತ್ತು. ಹೂವಿನವರು, ಬಟ್ಟೆಯವರು, ಚಾಟ್ ಗಾಡಿಯವರನ್ನು ದಾಟಿ ಮೇಷ್ಟ್ರು ತಲೆ ಎತ್ತಿದರೆ, ಅಂಗಡಿಯ ನೆತ್ತಿಯ ಮೇಲೆ ಅವರೇ ಇದ್ದರು. ಪತ್ರಿಕೆಯಲ್ಲಿ ಅಂಚೆಚೀಟಿಯಷ್ಟಿದ್ದ ಮುಖ ಇಲ್ಲಿ ಮಂಚದಷ್ಟಾಗಿತ್ತು. ಪಕ್ಕದಲ್ಲಿ ಭೈರವ ಅವರ ಹೆಗಲ ಮೇಲೆ ಕಬ್ಬಿಣದ ಕೈ ಹಾಕಿ ನಿಂತಿದ್ದ. ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: ‘ಮೇಷ್ಟ್ರು ಮೆಚ್ಚಿದ ಭೈರವ! ಕುಟುಂಬ ಸಮೇತ ಹೋಗಿಬನ್ನಿ, ಬರುವಾಗ ಗೊಂಬೆ ತನ್ನಿ.’

“ಬರ್ರಿ ಸರ್, ಬರ್ರಿ!” ಎಂದು ಮಾಲೀಕ ಸಿದ್ದಾರೂಢ ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದ. ಹುಬ್ಬಳ್ಳಿ ಬಿಟ್ಟು ಇಪ್ಪತ್ತು ವರ್ಷವಾದರೂ ಮಾತು ಬಿಟ್ಟವನಲ್ಲ. “ನಿಮ್ಮ ಕಾಲ್ಗುಣ ಭಾಳ ಛಲೋ ಅದ ನೋಡ್ರಿ. ಮುಂಜಾನಿಂದ ಒಂದ ಸಮನ ಮಂದಿ ಬರಾಕತ್ತಾರ. ಕುಂದರ್ರಿ, ಚಾ ತರಸ್ತೀನಿ.”

“ಮೊದಲು ಆ ಬೋರ್ಡು ಇಳಿಸಿ! ನಾನು ಆ ಚಿತ್ರವನ್ನ ಬೈದಿದೀನಿ, ಹೊಗಳಿಲ್ಲ!”

“ಹೌದೇನ್ರಿ? ಐದು ಚುಕ್ಕಿ ಕೊಟ್ಟು ಬೈತಾರೇನ್ರಿ ನಿಮ್ಮ ಕಡೆ?”

ಮೇಷ್ಟ್ರು ಉತ್ತರಿಸುವ ಮುನ್ನ ಯಾರೋ ಅವರನ್ನು ಗುರುತಿಸಿದರು. ಗುರುತಿಸದೆ ಏನು, ತಲೆಯ ಮೇಲೆಯೇ ಮಂಚದಷ್ಟು ಮುಖ ನೇತಾಡುತ್ತಿತ್ತು. ಭೈರವನ ಮುಖವಾಡ ಹಾಕಿದ ಮಕ್ಕಳು ಎರಡೂ ಪಕ್ಕಕ್ಕೆ ಬಂದು ನಿಂತರು, ತಾಯಂದಿರು ಫೋಟೋ ಹೊಡೆದರು. ಒಬ್ಬರು “ಅಂಕಲ್, ಸ್ವಲ್ಪ ನಗಿ” ಎಂದೂ ಹೇಳಿದರು. ಮೇಷ್ಟ್ರು ಹಲ್ಲು ಕಚ್ಚಿದ್ದು ಆ ಫೋಟೋಗಳಲ್ಲೆಲ್ಲ ನಗುವಿನ ಹಾಗೆಯೇ ಬಂತು.

ಅವರು ಫೋನು ತೆಗೆದು ಶಶಿಕಾಂತನಿಗೆ ಕರೆ ಮಾಡಿದರು.

“ನೋಡೋ, ಇವತ್ತು ಸಾಯಂಕಾಲದೊಳಗೆ ನನ್ನ ವಿಮರ್ಶೆ ಪೂರ್ತಿ, ಒಂದಕ್ಷರ ಬಿಡದೆ, ನಿನ್ನ ವಾಟ್ಸಾಪ್ ಗುಂಪುಗಳಿಗೆಲ್ಲ ಹೋಗ್ಬೇಕು. ಇಲ್ದಿದ್ರೆ ‘ನೇರ ನೋಟ’ ಇವತ್ತಿಗೇ ಬಂದ್. ಮುಂದಿನ ವಾರದಿಂದ ನಿನ್ನ ಎದುರಾಳಿ ಪತ್ರಿಕೇಲಿ ಬರೀತೀನಿ. ಮೊದಲನೇ ಲೇಖನ ನಿನ್ನ ಮೇಲೆ.”

“ನಲವತ್ತು ಗುಂಪಿದೆ ಸಾರ್! ಹತ್ತು ಸಾವಿರ ಜನ! ಒಂದ್ಸಲ ಹೋದ್ರೆ ವಾಪಸ್ ತಗೊಳ್ಳೋಕಾಗಲ್ಲ.”

“ವಾಪಸ್ ತಗೊಳ್ಳೋ ಅಭ್ಯಾಸ ನನಗಿಲ್ಲ. ಕಳಿಸು. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಹಾಕು, ‘ಪ್ರತಿ ದೃಶ್ಯವನ್ನೂ ಕಣ್ಣಾರೆ ಕಂಡು ಬರೆದದ್ದು’ ಅಂತ.”

ಶಶಿಕಾಂತ್ ಒಂದು ನಿಟ್ಟುಸಿರು ಬಿಟ್ಟು ಒಪ್ಪಿದ. ಮೇಷ್ಟ್ರಿಗೆ ಬೆಳಿಗ್ಗೆಯಿಂದ ಮೊದಲ ಸಲ ಹಸಿವೆಯಾಯಿತು. ಆದರೆ ಗೆದ್ದವನು ಅಷ್ಟಕ್ಕೇ ಮನೆಗೆ ಹೋದಾನೆಯೇ? ಅಂಗಡಿಯ ಮೆಟ್ಟಿಲು ಹತ್ತಿ ನಿಂತು ತರಗತಿಯ ದನಿ ತೆಗೆದರು.

“ಮಹಾಜನಗಳೇ! ಈ ಚಿತ್ರ ನಿಮ್ಮ ಕಿವಿಗೆ ಹೂವಿಡುತ್ತೆ. ಭೈರವನನ್ನ ಮಾಡಿದ ವಿಜ್ಞಾನಿ ಗುಜರಿ ಅಂಗಡೀಲಿ ಸಿಕ್ಕಿದ ಸ್ಕೂಟರ್ ಬ್ಯಾಟರೀಲಿ ಅವನಿಗೆ ಜೀವ ಕೊಡ್ತಾನೆ. ಸ್ಕೂಟರ್ ಬ್ಯಾಟರೀಲಿ ಹಾರ್ನೇ ಸರಿಯಾಗಿ ಕೂಗಲ್ಲ! ಆ ರೋಬೋ ಎದ್ದವನೇ ಮಾಡೋ ಮೊದಲ ಕೆಲಸ ಏನು? ಕಾಲೇಜು ಹುಡುಗಿ ಹಿಂದೆ ಹಾಡು ಹಾಡ್ಕೊಂಡು ಹೋಗೋದು. ಕೊನೇಲಿ ಖಳನಾಯಕನ್ನ ಕ್ರೇನಿಗೆ ನೇತುಹಾಕಿ, ತಾನು ಸಮುದ್ರದಲ್ಲಿ ಮುಳುಗಿ ತುಕ್ಕು ಹಿಡೀತಾನೆ. ಮುನ್ನೂರು ಕೋಟೀಲಿ ಸ್ವಲ್ಪ ಎಣ್ಣೆ ಹಚ್ಚೋಕಾಗ್ಲಿಲ್ವಾ? ಜನಕ್ಕೂ ಗೊತ್ತಾಗಿದೆ. ನಾನು ಹೋದಾಗ ಇಡೀ ಥಿಯೇಟರಲ್ಲಿ ನನ್ನೂ ಸೇರಿಸಿ ಏಳು ಜನ!”

ಗುಂಪಿನಲ್ಲಿ ಗುಸುಗುಸು ಎದ್ದಿತು. ಮಕ್ಕಳು ಮುಖವಾಡ ಮೇಲಕ್ಕೆತ್ತಿ ಒಬ್ಬರನ್ನೊಬ್ಬರು ನೋಡಿಕೊಂಡರು. ತಮ್ಮ ಮಾತು ನಾಟಿತೆಂದು ಮೇಷ್ಟ್ರು ಉಬ್ಬಿದರು. ಆಗ ಹಿಂದಿನಿಂದ ಜನರನ್ನು ಸರಿಸಿಕೊಂಡು ಸತ್ಯಭಾಮಾ ಮುಂದೆ ಬಂದರು. ಮೇಷ್ಟ್ರ ಐದು ನಕ್ಷತ್ರವನ್ನು ನಂಬಿ ಮೊಮ್ಮಕ್ಕಳಿಗೆ ಗೊಂಬೆ ಕೊಡಿಸಲು ಬಂದಿದ್ದವರು.

“ಏಳು ಜನಾನಾ? ನಮಗೆ ಮುಂದಿನ ಸಾಲು ಬಿಟ್ರೆ ಸೀಟೇ ಸಿಗ್ಲಿಲ್ಲ. ಕತ್ತು ಇನ್ನೂ ನೋಯ್ತಿದೆ. ಅಲ್ಲ ಮೇಷ್ಟ್ರೇ, ಸ್ಕೂಟರ್ ಬ್ಯಾಟರಿ, ಕಾಲೇಜು ಹುಡುಗಿ, ಸಮುದ್ರ... ಇದೆಲ್ಲ ಮೊದಲನೇ ಭಾಗದ್ದಲ್ವಾ?”

“ಮೊದಲನೇ ಭಾಗಾನಾ? ಅದನ್ನ ನಾನು ನೋಡೇ ಇಲ್ವಲ್ಲ!”

“ಐದು ವರ್ಷದ ಹಿಂದೆ ಬಂದಿದ್ದು. ಎರಡನೇದರಲ್ಲಿ ಅವನು ಸಮುದ್ರದಿಂದ ಎದ್ದು ಬರೋದ್ರಿಂದಲೇ ಕತೆ ಶುರು. ಈಗ ಎರಡನೇದು ಬಂತು ಅಂತ ಹಳೇದನ್ನೂ ಪಕ್ಕದ ಸ್ಕ್ರೀನಲ್ಲಿ ಬೆಳಿಗ್ಗೆ ಹೊತ್ತು ಹಾಕಿದಾರಲ್ಲ, ನೀವು ಅದಕ್ಕೆ ಹೋಗಿ ಕೂತಿದ್ರಾ?”

ಮೇಷ್ಟ್ರಿಗೆ ಗುರುವಾರ ಬೆಳಿಗ್ಗೆ ಟಿಕೆಟ್ ಕೌಂಟರಿನಲ್ಲಿ ನಡೆದದ್ದು ಅಕ್ಷರಶಃ ನೆನಪಿಗೆ ಬಂತು. “ಬೋಲ್ಟ್ ಭೈರವ, ಮೊದಲನೇದಕ್ಕೆ ಒಂದು ಕೊಡಮ್ಮ” ಎಂದಿದ್ದರು ಅವರು. ಮೊದಲನೇ ಆಟಕ್ಕೆ ಎಂದು ಅವರ ಅರ್ಥ. “ಮೊದಲನೇದಾ ಸಾರ್? ಎಲ್ರೂ ಎರಡನೇದೇ ಕೇಳ್ತಿದಾರೆ” ಎಂದು ಆ ಹುಡುಗಿ ಪಾಪ ಎಚ್ಚರಿಸಿದ್ದಳು. “ಎರಡನೇದಕ್ಕೆ ಹೋದ್ರೆ ಊಟದ ಹೊತ್ತು ಮೀರುತ್ತೆ. ನಂಗೆ ಮೊದಲನೇದೇ ಬೇಕು” ಎಂದು ಇವರು ಗದರಿದ್ದರು. ಕನ್ನಡ ಮೇಷ್ಟ್ರು ಒಂದು ನಾಮಪದ ನುಂಗಿದ್ದಕ್ಕೆ ಎರಡೂಕಾಲು ಗಂಟೆ ಬೇರೆ ಸಿನಿಮಾ ನೋಡಿದ್ದರು.

ಅವರು ಅವಸರವಾಗಿ ಮತ್ತೆ ಫೋನು ಒತ್ತಿದರು. “ಶಶೀ, ಕಳಿಸ್ಬೇಡಪ್ಪ. ಆ ಐದು ಸ್ಟಾರೇ ಇರಲಿ. ಚೆನ್ನಾಗಿಯೇ ಇದೆ, ಐದು ಮೂಲೆ, ಹತ್ರಹತ್ರ...”

“ಆಗ್ಲೇ ಕಳಿಸ್ಬಿಟ್ಟೆ ಸಾರ್, ಸಾಯಂಕಾಲದವರೆಗೆ ಯಾಕೆ ಅಂತ! ನಲವತ್ತು ಗುಂಪಿಗೂ. ‘ಪ್ರತಿ ದೃಶ್ಯವನ್ನೂ ಕಣ್ಣಾರೆ ಕಂಡು’ ಅನ್ನೋದನ್ನ ಕೆಂಪಕ್ಷರದಲ್ಲೇ ಹಾಕಿದೀನಿ.”

ಅಂಗಡಿಯ ಮುಂದೆ ಒಂದೊಂದೇ ಫೋನು ಟಿಣ್ ಎಂದಿತು. ಸತ್ಯಭಾಮಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಒಬ್ಬಳು ತಾಯಿ ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಚಿತ್ರ ನೋಡ್ದೇನೇ ಬರೀತಾರಂತೆ” ಎಂದು ಹಿಂದಿನವರು ಅವರ ಹಿಂದಿನವರಿಗೆ ಹೇಳಿದರು. ಲಂಚ ತಿಂದವನೆಂದು ಬೆಳಿಗ್ಗೆ ಗುಂಡಣ್ಣ ನಕ್ಕಿದ್ದೇ ಎಷ್ಟೋ ವಾಸಿ ಎನ್ನಿಸಿತು ಮೇಷ್ಟ್ರಿಗೆ. ಲಂಚ ತಿನ್ನುವವನು ಕೊನೇ ಪಕ್ಷ ಸರಿಯಾದ ಸಿನಿಮಾಕ್ಕಾದರೂ ಹೋಗಿರುತ್ತಾನೆ.

ಸಿದ್ದಾರೂಢ ಏಣಿ ತಂದು ಫ್ಲೆಕ್ಸ್ ಬಿಚ್ಚತೊಡಗಿದ. ಅಷ್ಟಾದರೂ ಆಯಿತಲ್ಲ ಎಂದು ಮೇಷ್ಟ್ರು ಕೈ ಮುಗಿದರು. ಅವನು ಅದನ್ನು ಜೋಪಾನವಾಗಿ ಸುತ್ತಿ, ಕಂಕುಳಲ್ಲಿಟ್ಟುಕೊಂಡು ಇಳಿದು ಬಂದು ಮೇಷ್ಟ್ರ ಕಿವಿಯ ಹತ್ತಿರ ಬಾಗಿದ.

“ಸರ್, ಸಿಟ್ಟಾಗಬ್ಯಾಡ್ರಿ. ಮೊದಲನೇ ಭಾಗದ ಗೊಂಬಿ ಐದು ವರ್ಷದಿಂದ ಎರಡು ಚೀಲ ಹಂಗ ಬಿದ್ದಾವು. ಊರಾಗ ಆ ಪಿಚ್ಚರ್‌ನ ಈಗೂ ರೊಕ್ಕ ಕೊಟ್ಟು ನೋಡೋರು ನೀವೊಬ್ಬರ ಅದೀರಿ. ಈ ಬೋರ್ಡ್ ಆ ಚೀಲದ ಮ್ಯಾಲ ಹಚ್ಚಲೇನ್ರಿ?”