ರೋಬೋ ಮಗುವೂ ನನ್ನ ಊಟದ ವಿಚಾರಣೆಯೂ

ಸಿನಿಮಾ ನೋಡಿ ಅಳುವ ಗಂಡಸರಲ್ಲಿ ಎರಡು ಬಗೆ. ಅತ್ತದ್ದನ್ನು ಒಪ್ಪಿಕೊಳ್ಳುವವರು ಒಂದು, ಥಿಯೇಟರಿನ ದೀಪ ಹತ್ತಿದ ಕೂಡಲೇ ವಿಮರ್ಶಕರಾಗಿಬಿಡುವವರು ಇನ್ನೊಂದು. ನಾನು ಎರಡನೆಯ ಬಗೆ. ಅತ್ತಿಬೆಲೆಯ ಫ್ಯಾಕ್ಟರಿಯಲ್ಲಿ ನನ್ನದು ಕ್ವಾಲಿಟಿ ತಪಾಸಣೆಯ ಕೆಲಸ. ಕೂದಲೆಳೆಯಷ್ಟು ಗೀರಿದ್ದರೂ ಮಾಲನ್ನು ಮುಲಾಜಿಲ್ಲದೆ ಪಕ್ಕಕ್ಕೆ ತಳ್ಳುತ್ತೇನೆ. ಅಂಥ ಕಲ್ಲೆದೆಯವನು, ಪರದೆಯ ಮೇಲೆ ಒಂದು ಮಗು ತುಟಿ ನಡುಗಿಸಿದರೆ ಸಾಕು, ಪಕ್ಕದಲ್ಲಿ ಕೂತ ಹೆಂಡತಿಯ ವೇಲಿಗೆ ಕೈ ಹಾಕುತ್ತೇನೆ. ನನ್ನ ಕರ್ಚೀಫು ಯಾವಾಗಲೂ ಮನೆಯಲ್ಲೇ ಇರುತ್ತದೆ.

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಚಂದಾಪುರದ ನಮ್ಮ ಮನೆ ಓನರ್ ಜಯಮ್ಮನವರು ಬಾಡಿಗೆಯವರಿಗೆಲ್ಲ ಮಟನ್ ಸಾರು, ಮುದ್ದೆ ಹಾಕುವುದು ವಾಡಿಕೆ. ಈ ಸಲ ಸಾರಿನ ಉಸ್ತುವಾರಿಯನ್ನು ಸೊಸೆಗೆ ಒಪ್ಪಿಸಿ, ಸಿನಿಮಾದ ಬೆಳಗಿನ ಆಟಕ್ಕೆ ನಮ್ಮ ಜೊತೆ ತಾವೂ ಹೊರಟರು. ನಾನು, ನನ್ನ ಹೆಂಡತಿ ಸುಮಾ, ಮೇಲಿನ ರೂಮಿನ ಹನುಮಂತ. ಹನುಮಂತ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವನು. ಚಿತ್ರದಲ್ಲಿ ಒಂದು ರೋಬೋ ಮಗು. ಅಮ್ಮ ಆಫೀಸಿನಿಂದ ಬಂದ ತಕ್ಷಣ "ಸುಸ್ತಾಯ್ತಾ ಅಮ್ಮ?" ಎಂದು ಕೇಳುವಂತೆ ಅದನ್ನು ತಯಾರಿಸಿರುತ್ತಾರೆ. ಕೊನೆಗೆ ಹಳೆಯ ಮಾಡೆಲ್ ಆಯಿತೆಂದು ಮನೆಯವರೇ ಕರೆಸಿದ ಮೇಲೆ ಅದನ್ನು ಆಫ್ ಮಾಡಲು ಕಂಪನಿಯವರು ಬರುತ್ತಾರೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅವರನ್ನೂ ಅದು "ಸುಸ್ತಾಯ್ತಾ?" ಎಂದು ಕೇಳುತ್ತದೆ. ವೇಲು ಅಲ್ಲಿಗೆ ಪೂರ್ತಿ ಒದ್ದೆಯಾಯಿತು.

ಹೊರಗೆ ಬಂದವರು ಆಟೋದಲ್ಲಿ ಒತ್ತಿಕೊಂಡು ಕೂತೆವು. ಹನುಮಂತನಿಗೆ ಆ ಕುಟುಂಬದ ಮೇಲೆ ಕೆಂಡದಂಥ ಕೋಪ. "ಅಷ್ಟ್ ದೊಡ್ಡ ಮನಿ ಐತಿ, ಒಂದ್ ಮೂಲ್ಯಾಗ ಇರ್ಲಿ ಬಿಡ್ರಿ ಸರ. ಅದೇನ್ ರೊಟ್ಟಿ ಕೇಳ್ತದೇನು?" ಎಂದ. ಜಯಮ್ಮನವರ ಸಿಟ್ಟು ಬೇರೆಯೇ. "ಒಬ್ರಾದ್ರೂ ಆ ಮಗೀಗೆ ಊಟ ಆಯ್ತಾ ಅಂದ್ರಾ?"

"ಅದು ಊಟ ಮಾಡಲ್ಲ ಜಯಮ್ಮ" ಎಂದೆ.

"ಮಾಡ್ದಿದ್ರೆ ಬುಡ್ಲಿ. ಕೇಳಕ್ಕೇನ್ ದಾಡಿ?"

ನನ್ನ ಕಣ್ಣು ಇನ್ನೂ ಕೆಂಪಗಿತ್ತು. ಅದನ್ನು ಮುಚ್ಚಲು ಬುದ್ಧಿವಂತನಾಗಲೇಬೇಕಿತ್ತು. "ನೋಡಿ, ಅದು ಯಂತ್ರ. ತುಂಬಿಸಿಟ್ಟ ಮಾತನ್ನ ಹೊತ್ತಿಗೆ ಸರಿಯಾಗಿ ಹೇಳುತ್ತೆ. ಅದನ್ನ ಪ್ರೀತಿ ಅಂತಾರಾ? ಪ್ರೀತಿ ಅಂದ್ರೆ ಒಳಗಿಂದ ಬರಬೇಕು" ಎಂದು ಭಾಷಣ ಬಿಗಿದೆ. ಸುಮಾ ಒದ್ದೆ ವೇಲನ್ನು ಗಾಳಿಗೆ ಹಿಡಿದು, "ಕೇಳಿಸ್ಕೊಂಡೋಳಿಗೆ ಸಮಾಧಾನ ಆಯ್ತಲ್ಲ ರೀ" ಎಂದಳು. ನಾನು ಒಪ್ಪಲಿಲ್ಲ. ಮನೆ ಬರುವವರೆಗೂ ಒಪ್ಪಲಿಲ್ಲ.

ಜಯಮ್ಮನವರ ಹಜಾರದಲ್ಲಿ ಸಾಲಾಗಿ ಊಟಕ್ಕೆ ಕೂತೆವು. ನನ್ನ ಬಲಗೈಯಲ್ಲಿ ಮುದ್ದೆ, ಎಡಗೈಯಲ್ಲಿ ನಲ್ಲಿ ಮೂಳೆ. ನನ್ನ ಫೋನು ಮೇಲೆ ನಮ್ಮ ಮನೆಯಲ್ಲಿ ಚಾರ್ಜಿಗಿತ್ತು. ಸರಿಯಾಗಿ ಒಂದು ಗಂಟೆಗೆ ಸುಮಾಳ ಫೋನು ಟಿಣ್ ಎಂದಿತು.

"ಯಾರವ್ವ ಅದು, ಊಟದೊತ್ನಲ್ಲಿ?" ಎಂದರು ಜಯಮ್ಮ.

"ನಮ್ಮನೆಯವರು" ಎಂದು ಸುಮಾ ನನ್ನ ಮುಖ ನೋಡುತ್ತಲೇ ಓದಿದಳು. "ಊಟ ಆಯ್ತಾ ಚಿನ್ನ?"

ನಾನು ನಲ್ಲಿ ಮೂಳೆಯನ್ನು ತಟ್ಟೆಗಿಟ್ಟೆ. ವಿಷಯ ಇಷ್ಟೆ. ಸುಮಾ ಬೊಮ್ಮಸಂದ್ರದ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುತ್ತಾಳೆ. ಮಧ್ಯಾಹ್ನ ವಿಚಾರಿಸುವುದು ಮರೆತುಹೋಗುತ್ತದೆಂದು, ಭಾನುವಾರ ಬಿಟ್ಟು ದಿನಾ ತಾನಾಗೇ ಮೆಸೇಜು ಹೋಗುವಂತೆ ಫೋನಿನಲ್ಲಿ ಹಾಕಿಟ್ಟಿದ್ದೆ. ರಜೆ ಬಂದಾಗ ನೆನಪಿಟ್ಟು ತಡೆಯುತ್ತಿದ್ದೆ. ಹಬ್ಬದ ಗಡಿಬಿಡಿಯಲ್ಲಿ ಈ ಸಲ ಮರೆತಿದ್ದೆ. ಹೊಸತೊಡಕು ಫೋನಿಗೇನು ಗೊತ್ತು? ಎಲ್ಲರೆದುರು ಇದನ್ನು ಒಪ್ಪಿಕೊಳ್ಳಲೇಬೇಕಾಯಿತು.

"ಅಯ್ಯೋ, ಹೆಂಡ್ರ ಊಟ ಕೇಳಕ್ಕೂ ಆಳು ಮಡಗವ್ನಲ್ಲಪ್ಪ!" ಎಂದು ಜಯಮ್ಮ ಬಿದ್ದು ಬಿದ್ದು ನಕ್ಕರು. ಹನುಮಂತ ತಟ್ಟೆಯೊಳಗೆ ಮುಖ ಹುದುಗಿಸಿ ನಕ್ಕ. ಸುಮಾ ಮಾತ್ರ ನಗಲಿಲ್ಲ. ದಿನವಿಡೀ ಮಿಷನ್ ತುಳಿಯುವವಳು ಆ ಎರಡು ಮಾತನ್ನು ನನ್ನದೆಂದು ನಂಬಿ ಊಟ ಮಾಡುತ್ತಿದ್ದಳಲ್ಲ, ಇನ್ನು ನಾನು ಎದುರಿಗೇ ನಿಂತು ಕೇಳಿದರೂ ನಂಬುವಳೇ?

ಮೆಟ್ಟಿಲು ಹತ್ತುವಾಗ ಮೆಲ್ಲಗೆ, "ಬೇಜಾರಾಯ್ತಾ?" ಎಂದೆ.

"ನಂಗೆ ಯಾವಾಗ್ಲೋ ಗೊತ್ತು ರೀ. ನೀವು ಜಗಳ ಆಡಿ ಮುಖ ಊದಿಸ್ಕೊಂಡು ಹೋದ ದಿನವೂ ಒಂದು ಗಂಟೆಗೆ ಸರಿಯಾಗಿ ಚಿನ್ನ ಅಂತ ಬಂತು. ನೀವು ಅಷ್ಟು ಒಳ್ಳೆಯವರಾ?"

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನಾಚ್ಕೊಂಡು ಆಫ್ ಮಾಡ್ಬಿಡ್ತಿದ್ರಿ" ಎಂದು ಬೀಗ ತೆಗೆದು ಒಳಗೆ ಹೋದಳು. ನಾನು ಬಾಗಿಲಲ್ಲೇ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಈ ಸಲ ವೇಲು ಕೈಗೆ ಸಿಗುವಂತಿರಲಿಲ್ಲ.

ಮಾರನೆಯ ದಿನ ಪೌರುಷದಿಂದ ಅದನ್ನು ಆಫ್ ಮಾಡಿ, ಇನ್ನು ಮೇಲೆ ನಾನೇ ಕೈಯಾರೆ ಕೇಳುತ್ತೇನೆಂದು ಶಪಥ ಮಾಡಿದೆ. ಫ್ಯಾಕ್ಟರಿಯ ಲೈನಿನಲ್ಲಿ ಏನೋ ಕೆಟ್ಟು, ಸೂಪರ್‌ವೈಸರ್ ಕೂಗಾಡಿ, ಶಪಥ ನೆನಪಾದಾಗ ಟೀ ಹೊತ್ತು. ಗಾಬರಿಯಿಂದ ಫೋನು ತೆಗೆದರೆ, ಒಂದು ಗಂಟೆಗೇ ಅವಳ ಮೆಸೇಜು ಬಂದು ಕೂತಿತ್ತು. "ನಂದು ಆಯ್ತು. ನಿಮ್ದು?"

ನಾನು ಕೇಳದೇ ಇದ್ದ ಪ್ರಶ್ನೆಗೆ ಉತ್ತರ. ಅಂದಿನಿಂದ ದಿನಾ ಬರುತ್ತಿದೆ, ದಿನಾ ಅದೇ ಹೊತ್ತಿಗೆ, ಅದೇ ಮಾತು. ಅವಳೇ ಕೂತು ಟೈಪ್ ಮಾಡುತ್ತಾಳೋ, ಅವಳೂ ಒಬ್ಬ ಆಳು ಇಟ್ಟಿದ್ದಾಳೋ ಎಂಬ ಅನುಮಾನ ಈ ತಪಾಸಣೆಯವನಿಗೆ ಇದ್ದೇ ಇದೆ. ಆದರೆ ಕೇಳಲು ಹೋಗಿಲ್ಲ. ಕೇಳಿದರೆ ಆಫ್ ಮಾಡಿಬಿಟ್ಟಾಳು.