ಗೀರು ಬೀಳದ ಗೋಡೆ

ಕೇಳದವರಿಗೂ ಸಲಹೆ ಕೊಡುವುದು ನನ್ನ ಸ್ವಭಾವ. ಹಿರಿಯೂರಿನ ಸಂತೆಯಲ್ಲಿ ಬಕೆಟ್ಟು ಮಾರಿ ಸ್ವಂತ ಅಂಗಡಿ ಕಂಡವನು ನಾನು. ವ್ಯಾಪಾರದಿಂದ ಹಿಡಿದು ನೆಗಡಿಯವರೆಗೆ ಎಲ್ಲಕ್ಕೂ ನನ್ನಲ್ಲಿ ಉಪಾಯವುಂಟು. ಇವತ್ತಿನದು, ಮೆಟ್ಟಿಲ ಪಕ್ಕ ಗೋಡೆಗೆ ಬಿಗಿದ ಹಳೇ ಮರದ ಹಿಡಿಕೆಯನ್ನು ಗೋಡೆ ಕೆಡದಂತೆ ಬಿಚ್ಚುವ ಉಪಾಯ.

ಅದರ ಅಗತ್ಯ ಬಂದದ್ದು ಚಿತ್ರದುರ್ಗದಲ್ಲಿ ಅರ್ಧ ದಿನ ಚೌಕಾಸಿ ಮಾಡಿ ತಂದ ಬೀರುವಿನಿಂದ. ಅಂಗಡಿಯವನು ಯಾಕೆ ಸೋತನೆಂದು ಮನೆಗೆ ಬಂದ ಮೇಲೆ ತಿಳಿಯಿತು: ಅದು ಮೆಟ್ಟಿಲು ಹತ್ತುವ ಗಾತ್ರದ್ದಲ್ಲ. "ಹಿಡಿಕೆ ತೆಗೆದ್ರೆ ಹೋಗ್ತೈತೆ" ಎಂದೆ. "ಮಣ್ಣಿನ ಗೋಡೆ ಕಣ್ರಿ, ಕಿತ್ಕಂಡು ಬರ್ತೈತೆ" ಎಂದಳು ಹೆಂಡತಿ ಗಿರಿಜ. ನನ್ನಂಥವನಿಗೆ ಇಷ್ಟು ಸಾಕು.

ಮೊದಲು ಬಣ್ಣ ಅಂಟಿದ ಅಂಚನ್ನು ಬ್ಲೇಡಿನಿಂದ ಕೊಯ್ಯಬೇಕು. ಬೋಲ್ಟಿಗೆ ಎಣ್ಣೆ ಬಿಟ್ಟು, ಊಟ ಮುಗಿಸಿ ಬಂದು ತಿರುಗಿಸಬೇಕು. ಸುತ್ತಿಗೆ ಮುಟ್ಟಬಾರದು, ಮೀಟುವಾಗ ಉಳಿಯ ಕೆಳಗೆ ಹಲಗೆ ಚೂರು ಇಡಬೇಕು. ಹಾಗೇ ಮಾಡಿದೆ. ಉದ್ದುದ್ದ ಬೋಲ್ಟುಗಳು ಸಲೀಸಾಗಿ ಬಂದವು, ಗೋಡೆಗೆ ಒಂದು ಗೀರಿಲ್ಲ. "ನೋಡೇ!" ಎನ್ನಲು ಬಾಯಿ ತೆರೆದೆ. ಗೋಡೆಯಾಚೆ ಧಡಾರ್ ಎಂದಿತು.

ಆಚೆಯದು ಖೈರುನ್‌ಬಿಯವರ ಅಡುಗೆಮನೆ. ಎರಡು ಮನೆಗೂ ಒಂದೇ ಗೋಡೆ. ಹಿಡಿಕೆ ಹಾಕಿಕೊಟ್ಟವರು ಅವರ ಗಂಡ, ಬಡಗಿ ಸಾಬರು. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲದೆಂದು ಬೋಲ್ಟನ್ನು ಆಚೆಯವರೆಗೆ ತೂರಿಸಿ, ಆ ತುದಿಗೆ ಹೆಂಡತಿಗೊಂದು ಹಲಗೆ ಬಿಗಿದಿದ್ದರು. ಸಾಬರು ತೀರಿಕೊಂಡ ಮೇಲೂ ಅವರು ತಂದ ಪಿಂಗಾಣಿ ಕಪ್ಪುಗಳು ಅಲ್ಲೇ ಇದ್ದವು. ಆ ಕಪ್ಪುಗಳಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದೇನೆ. ಹಲಗೆ ಯಾವುದರ ಮೇಲೆ ನಿಂತಿದೆಯೆಂದು ಒಮ್ಮೆಯೂ ಕೇಳಿರಲಿಲ್ಲ.

ಓಡಿದೆ. ಖೈರುನ್‌ಬಿ ಕಪ್ಪಿನ ಚೂರು ಆಯುತ್ತಿದ್ದರು. "ಏನಪ್ಪ ನಾಗಣ್ಣ, ನಿನ್ನ ಗೋಡೆ ಉಳೀತಾ?"

"ಹೊಸವು ತಂದ್ಕೊಡ್ತೀನಿ ಬೂಬಮ್ಮ. ಚೌಕಾಸಿನೂ ಮಾಡಲ್ಲ."

"ಬ್ಯಾಡ ಬಿಡು. ನೀನು ಹಿಡ್ಕಂಡು ಹತ್ತಿದ್ರೆ ಕಪ್ಪು ಕಿಣಿಕಿಣಿ ಅಂತಿದ್ವು. ನಾಗಣ್ಣ ಮನೆ ಸೇರ್ದ ಅಂತ ನಾನೂ ಬಾಗ್ಲು ಹಾಕ್ಕಂತಿದ್ದೆ. ಇನ್ನ ಹೆಂಗ್ ಗೊತ್ತಾಗ್ಬೇಕು?"

ನಾನೂ ಕೂತು ಚೂರು ಆಯ್ದೆ. ಬೀರು ತಿರುವಿನಲ್ಲಿ ಸಿಕ್ಕಿ, ಕೊನೆಗೆ ಕೆಳಗೇ ಉಳಿಯಿತು. ಹಿಡಿಕೆಯನ್ನೂ ಹಲಗೆಯನ್ನೂ ಮತ್ತೆ ಬಿಗಿಸಿದೆ. ಬರೀ ಹಲಗೆ ಸದ್ದು ಮಾಡುವುದಿಲ್ಲ. ಹಾಗಾಗಿ ಹಿಡಿಕೆ ಬಿಚ್ಚುವವರು ಬ್ಲೇಡು ಹುಡುಕುವ ಮೊದಲು ಗೋಡೆಯಾಚೆ ಹೋಗಿ ಚಹಾ ಕುಡಿದು ಬನ್ನಿ, ತಲೆಯೆತ್ತಿ ನೋಡಿ.

ಈಗ ಮೆಟ್ಟಿಲು ಹತ್ತುವಾಗ ನಾನು ಜೋರಾಗಿ ಕೆಮ್ಮುತ್ತೇನೆ, ಆಚೆ ಬಾಗಿಲು ಹಾಕಿದ ಸದ್ದು ಕೇಳುವವರೆಗೆ. "ಎಷ್ಟು ದಿನ ಅಂತ ಕೆಮ್ತೀರಿ, ಕಷಾಯ ಕುಡೀರಿ" ಎಂದು ಗಿರಿಜ ಲೋಟ ಹಿಡಿದು ನಿಂತಿರುತ್ತಾಳೆ.

ಕುಡಿಯುತ್ತೇನೆ.