ಕಲ್ಲುಮನೆಯಲ್ಲಿ ಜಯಕರ

ಹಾಲೆಂಡಿನ ಜೂಟರ್‌ಮೀರ್ ಊರಿನಲ್ಲಿದ್ದ ಗೋವಿಂದರಾಜು ಹೋದ ಕ್ರಿಸ್‌ಮಸ್ ರಜೆಯಲ್ಲಿ ಮೆಕ್ಸಿಕೋಗೆ ಹೋಗಿದ್ದ. ಅಲ್ಲಿ ಒಂದು ದಿನ ಗೈಡಿನ ಜೊತೆ ದಟ್ಟ ಕಾಡಿನೊಳಗೆ ಹೋಗಿ ಮಾಯಾ ಜನರ ಪಾಳುಗುಡಿಗಳನ್ನು ನೋಡಿಬಂದ. ನೋಡಿದ್ದು ಒಂದೇ ದಿನ. ತೋರಿಸಿದ್ದು ಮಾತ್ರ ಯುಗಾದಿಯವರೆಗೂ. ಯಾರ ಮನೆಯಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೂ ಸರಿ, ಅವನು ಹೋದವನೇ ವೈಫೈ ಪಾಸ್‌ವರ್ಡ್ ಕೇಳುತ್ತಿದ್ದ. ಮರುಕ್ಷಣ ಆ ಮನೆಯ ಟಿವಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಗೋಪುರ, ಅದರ ಬುಡದಲ್ಲಿ ಸೊಂಟದ ಮೇಲೆ ಕೈಯಿಟ್ಟ ಗೋವಿಂದರಾಜು.

ಅವನ ಮೇಲಿನ ಮಹಡಿಯಲ್ಲಿದ್ದ ಜಯಕರ ಉಡುಪಿ ಕಡೆಯವನು, ಸಾಧು ಮನುಷ್ಯ. ಆ ಗೋಪುರವನ್ನು ಅವನು ಏಳು ಸಲ ನಗುನಗುತ್ತಲೇ ನೋಡಿದ್ದ. ಎಂಟನೆಯ ಸಲ, ಅದೂ ತನ್ನದೇ ಮನೆಯ ಟಿವಿಯಲ್ಲಿ, ತಾನೇ ಬಡಿಸಿದ ಪಾಯಸ ಕುಡಿಯುತ್ತಾ ಗೋವಿಂದರಾಜು “ಇಷ್ಟು ಹಳೇದು ಪ್ರಪಂಚದಲ್ಲೇ ಸಿಗಲ್ಲ ಕಣ್ರೀ” ಎಂದಾಗ ಜಯಕರನ ಬಾಯಿ ಅವನ ಅಪ್ಪಣೆ ಕೇಳದೆ ತೆರೆದುಕೊಂಡಿತು.

“ಎಂತ ಮಹಾ ಹಳತು ಮಾರಾಯ್ರೆ? ನಮ್ಮ ಹಾಲೆಂಡಿನಲ್ಲೇ ಐದು ಸಾವಿರ ವರ್ಷ ಹಳತು ಉಂಟು. ಕಾಡಿನ ಒಳಗೆ. ನಿಮ್ಮ ಮಾಯಾದವರು ಇವರ ಮುಂದೆ ನಿನ್ನೆ ಮೊನ್ನೆ ಹುಟ್ಟಿದ ಮಕ್ಕಳು.”

ಡಚ್ ಕ್ಲಾಸಿನ ಪುಸ್ತಕದಲ್ಲಿ ಓದಿದ್ದ ಒಂದು ಪಾಠದ ಬಲದ ಮೇಲೆ ಆಡಿದ ಮಾತು ಅದು. ಜಾಗವನ್ನು ಅವನು ಕಣ್ಣಾರೆ ಕಂಡಿರಲಿಲ್ಲ.

ಮೂಲೆಯ ಕುರ್ಚಿಯಲ್ಲಿದ್ದ ರಾಜಮ್ಮ ಕನ್ನಡಕ ಸರಿಮಾಡಿಕೊಂಡರು. ಗೋವಿಂದರಾಜುವಿನ ತಾಯಿ, ಮಗನನ್ನು ನೋಡಲು ಮೈಸೂರಿನಿಂದ ಬಂದಿದ್ದವರು, ಇನ್ನೊಂದು ವಾರಕ್ಕೆ ಹೊರಡುವವರಿದ್ದರು.

“ಹೌದೇನಪ್ಪ? ಹಾಗಾದ್ರೆ ನಮ್ಮನ್ನೂ ಕರ್ಕೊಂಡ್ಹೋಗು. ಈ ದೇಶದಲ್ಲಿ ನಾನು ನೋಡಿದ್ದೆಲ್ಲ ಬರೀ ಟುಲಿಪ್ ಹೂವು, ಸೂಪರ್ ಮಾರ್ಕೆಟ್ಟು.”

ಜಯಕರನ ಹೆಂಡತಿ ಉಮಾವತಿ ಅಡುಗೆಮನೆಯಿಂದ ಇಣುಕಿ ಗಂಡನನ್ನು ಒಂದು ಸಲ ನೋಡಿದಳು. ಆ ನೋಟದ ಅರ್ಥ ಇಡೀ ಕರಾವಳಿಗೆ ಗೊತ್ತು.

ಜಯಕರ ಅಲ್ಲೇ ಎಲ್ಲರೆದುರು ಫೋನ್ ಹಚ್ಚಿ, ಡ್ರೆಂಟೆ ಎಂಬ ಉತ್ತರದ ಪ್ರಾಂತದಲ್ಲಿ ಒಬ್ಬ ಗೈಡನ್ನು ಗೊತ್ತುಮಾಡಿದ. ಗೋವಿಂದರಾಜು ಕೇಳಿಸಿಕೊಳ್ಳುತ್ತಿದ್ದಾನೆಂಬ ಹುಮ್ಮಸ್ಸಿನಲ್ಲಿ ಡಚ್ಚಿನಲ್ಲೇ ಮಾತಾಡಿದ. ಆ ಕಡೆಯವರು ಏನೇನೋ ಕೇಳಿದರು. ಅರ್ಥವಾದದ್ದಕ್ಕೂ ಆಗದ್ದಕ್ಕೂ ಇವನು “ಯಾ, ಯಾ” ಎಂದ.

ಭಾನುವಾರ ಬೆಳಗ್ಗೆ ಜಯಕರನ ಕಾರಿನಲ್ಲಿ ಐವರು ಹೊರಟರು. ರಾಜಮ್ಮ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಪುಳಿಯೋಗರೆ ಡಬ್ಬಿ. ಹಿಂದೆ ಉಮಾವತಿ, ಗೋವಿಂದರಾಜುವಿನ ಹೆಂಡತಿ ಪದ್ಮಿನಿ, ಗೋವಿಂದರಾಜು. ಅವನು ಮೆಕ್ಸಿಕೋದಿಂದ ಉಳಿಸಿ ತಂದಿದ್ದ ಸೊಳ್ಳೆ ಸ್ಪ್ರೇಯನ್ನು ಮೈಗೆಲ್ಲ ಹೊಡೆದುಕೊಂಡು ಬಂದಿದ್ದ. ಕಾರಿನೊಳಗೆ ಉಸಿರಾಡುವುದೇ ಒಂದು ಕೆಲಸವಾಯಿತು.

“ಮೆಟ್ಟಿಲು ತುಂಬಾ ಇದ್ಯಾ? ಅತ್ತೆಗೆ ಮಂಡಿ ನೋವು,” ಎಂದಳು ಪದ್ಮಿನಿ.

“ಮೆಟ್ಟಿಲು... ಅಷ್ಟೆಲ್ಲ ಇಲ್ಲ,” ಎಂದ ಜಯಕರ. ಅಂದು ಅವನಾಡಿದ ಸತ್ಯಗಳಲ್ಲಿ ಅದೇ ಮೊದಲನೆಯದು, ಹೆಚ್ಚುಕಡಿಮೆ ಕೊನೆಯದೂ ಹೌದು.

ಕಾಡಿನ ಅಂಚಿನಲ್ಲಿ ಹಿಲ್ಲಿ ಎಂಬ ಗೈಡ್ ಸೈಕಲ್ ಹಿಡಿದು ಕಾಯುತ್ತಿದ್ದರು. ಬೆಳ್ಳಿ ಕೂದಲು, ಹಳದಿ ರೇನ್‌ಕೋಟು, ಕೆನ್ನೆ ತುಂಬಾ ನಗು. ಜಯಕರನ ಕೈಕುಲುಕಿದವರೇ ಡಚ್ಚಿನಲ್ಲಿ ಶುರುಮಾಡಿದರು. ಪುಸ್ತಕದ ಡಚ್ಚಲ್ಲ, ಆ ಸೀಮೆಯ ಡಚ್ಚು, ಅರ್ಧ ಅಕ್ಷರಗಳನ್ನು ನುಂಗಿ ಮಿಕ್ಕರ್ಧವನ್ನು ಗಂಟಲಲ್ಲೇ ಇಟ್ಟುಕೊಳ್ಳುವಂಥದ್ದು.

“ಏನಂತ್ರೀ?” ಎಂದ ಗೋವಿಂದರಾಜು.

“ಸ್ವಾಗತ ಅಂತ.”

“ಅಷ್ಟು ಹೊತ್ತು?”

“ಬಹಳ ಸ್ವಾಗತ ಅಂತ.”

ಕಾಡು ಶುರುವಾಯಿತು. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಮರಗಳು ಸಾಲಾಗಿ ನಿಂತಿದ್ದವು. ನಡುವೆ ಸೈಕಲ್ ದಾರಿ, ಅಲ್ಲಲ್ಲಿ ಬೆಂಚು, ಬೆಂಚಿನ ಪಕ್ಕ ಕಸದ ಡಬ್ಬಿ.

“ಇದೇನ್ರೀ ಕಾಡಲ್ಲಿ ಕಸದ ಡಬ್ಬಿ! ಮೆಕ್ಸಿಕೋದಲ್ಲಿ ನಮಗೆ ಕೋತಿ ಕಿರುಚೋದು ಕೇಳಿಸ್ತಿತ್ತು.”

“ಇಲ್ಲಿ ಸೈಕಲ್ ಬೆಲ್ಲು ಕೇಳ್ತದೆ,” ಎಂದಳು ಉಮಾವತಿ.

ತಿರುವಿನಾಚೆ ಬಯಲಿನಂಥ ಜಾಗ. ಎರಡು ಸಾಲಿನಲ್ಲಿ ನೆಟ್ಟ ಬಂಡೆಗಳು, ಅವುಗಳ ಮೇಲೆ ಮಲಗಿದ ಆನೆಯಂಥ ಬಂಡೆಗಳು. ಹಿಲ್ಲಿ ಎರಡೂ ಕೈ ಚಾಚಿ, “ಹ್ಯುನೆಬೆಡ್!” ಎಂದರು.

ಗೋವಿಂದರಾಜು ಒಂದು ಸುತ್ತು ಹಾಕಿ ಬಂದ.

“ಎಲ್ಲಿ?”

“ಎಂತ ಎಲ್ಲಿ?”

“ಅವಶೇಷ ಎಲ್ಲಿ?”

“ಇದೇ.”

“ಇದು ಕಲ್ಲು ಕಣ್ರೀ! ರೋಡ್ ಕಂಟ್ರಾಕ್ಟರು ಬಿಟ್ಟುಹೋದ ಹಾಗಿದೆ.”

ಜಯಕರನಿಗೆ ಕಿವಿಯವರೆಗೂ ಬಿಸಿಯೇರಿತು. ಹಿಲ್ಲಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ಪ್ರೀತಿಯಿಂದ ಬಂಡೆ ಸವರುತ್ತಾ ವಿವರಿಸುತ್ತಿದ್ದರು. ದೂರದಿಂದ ಎಳೆದಂತೆ ಅಭಿನಯಿಸಿದರು, ಎತ್ತಿಟ್ಟಂತೆ ಅಭಿನಯಿಸಿದರು, ಕೆನ್ನೆಯ ಕೆಳಗೆ ಅಂಗೈ ಜೋಡಿಸಿ ಕಣ್ಣು ಮುಚ್ಚಿದರು. ಆ ಪ್ರವಾಹದಲ್ಲಿ ಜಯಕರನ ಕೈಗೆ ಸಿಕ್ಕಿದ್ದು ಒಂದೇ ಪದ: “ಡೋಡ್.” ಸತ್ತವರು. ಇದು ಗೋರಿ!

ರಸ್ತೆಯಲ್ಲಿ ಶವದ ವಾಹನ ಹೋದರೂ ರಾಜಮ್ಮ ಮನೆಗೆ ಬಂದು ತಲೆಗೆ ಸ್ನಾನ ಮಾಡುತ್ತಾರೆಂದು ಪದ್ಮಿನಿ ಹೇಳುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಈ ಚಳಿಯಲ್ಲಿ, ಈ ಕಾಡಿನಲ್ಲಿ, ಅವರಿಗೆ ಎಲ್ಲಿ ಸ್ನಾನ ಮಾಡಿಸುವುದು?

“ಏನಂತಪ್ಪ ಆಯಮ್ಮ?” ಎಂದರು ರಾಜಮ್ಮ.

“ದೇವಸ್ಥಾನ ಅಮ್ಮಾ. ಧಾನ್ಯದ ದೇವಿ. ಫಸಲು ಬಂದಾಗ ಇಲ್ಲಿ ಪೂಜೆ ಮಾಡ್ತಿದ್ರಂತೆ.”

“ದೇವಿ ಹೆಸರು?” ಎಂದ ಗೋವಿಂದರಾಜು, ಅನುಮಾನದಿಂದ.

“ಹೂನಮ್ಮ.”

ಹಿಲ್ಲಿಗೆ ಇಷ್ಟು ಶ್ರದ್ಧೆಯ ಗುಂಪು ಸಿಕ್ಕಿದ್ದು ಇದೇ ಮೊದಲಿರಬೇಕು. ಅವರ ಉತ್ಸಾಹ ಏರಿತು. ಅವರು ಹತ್ತು ವಾಕ್ಯ ಹೇಳಿದರೆ ಜಯಕರ ಎರಡು ಪದದಲ್ಲಿ ಮುಗಿಸುತ್ತಿದ್ದ; ಅವರು ಒಂದು ಪದ ಹೇಳಿದರೆ ಇವನು ಹೂನಮ್ಮನ ಮದುವೆ, ಅವಳ ಗಂಡನ ಸಿಟ್ಟು ಎಲ್ಲವನ್ನೂ ವರ್ಣಿಸುತ್ತಿದ್ದ. ಕೊನೆಗೆ ಹಿಲ್ಲಿ ಬಂಡೆಯನ್ನು ತೋರಿಸಿ ಬೆರಳಾಡಿಸಿ ಖಡಕ್ಕಾಗಿ ಏನೋ ಅಂದರು. ಪಕ್ಕದ ಫಲಕದಲ್ಲೂ ಕಲ್ಲಿನ ಮೇಲೆ ಗೀಚುವ ಕೈಗೆ ಕೆಂಪು ಅಡ್ಡಗೆರೆ ಎಳೆದಿತ್ತು. ಅದು ಎಲ್ಲರಿಗೂ ಅರ್ಥವಾಯಿತು.

ಅಷ್ಟರಲ್ಲಿ ಮಳೆ ಹನಿಯಿತು. ಹಿಲ್ಲಿಯೇ ಎಲ್ಲರನ್ನೂ ಬಂಡೆಗಳ ಕೆಳಗೆ ಕೂರಲು ಕರೆದು, ಸೈಕಲ್ಲಿನಲ್ಲಿದ್ದ ಕಾಫಿ ಫ್ಲಾಸ್ಕ್ ತರಲು ಹೋದರು. ಮಳೆಗೆ ಜಯಕರ ಮನಸಾರೆ ನಮಸ್ಕಾರ ಹೇಳಿದ. ಒಂದು ಗಳಿಗೆಯಾದರೂ ಅನುವಾದ ತಪ್ಪಿತಲ್ಲ!

ಆದರೆ ಕತ್ತಲ ಮೂಲೆಯಲ್ಲಿ ರಾಜಮ್ಮ ಬಗ್ಗಿ ಏನೋ ಮಾಡುತ್ತಿದ್ದರು. ಅವರು ಈಚೆ ಬಂದ ಮೇಲೆ ನೋಡಿದರೆ, ಒಳಗಿನ ಕಲ್ಲಿನ ಮೇಲೆ ದುಂಡನೆಯ ಕುಂಕುಮದ ಬೊಟ್ಟು! ಐದು ಸಾವಿರ ವರ್ಷದ ಸ್ಮಾರಕಕ್ಕೆ ಬಣ್ಣ! ಹಿಲ್ಲಿ ನೋಡಿದರೆ ಪೊಲೀಸು, ದಂಡ, ವೀಸಾ... ಜಯಕರನ ತಲೆ ಅಷ್ಟು ದೂರ ಓಡಿಹೋಗಿ ನಿಂತಿತು. ಎಲ್ಲರೆದುರು ಒರೆಸಿದರೆ ರಾಜಮ್ಮನಿಗೆ ನೋವು. ಅವನು ಮೆಲ್ಲನೆ ಎದ್ದು, ಹಿಂಬದಿಗೆ ಹೋಗಿ, ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ತಲೆ ತೂರಿಸಿದ. ತಲೆ ಹೋಯಿತು. ಭುಜ ಹೋಯಿತು. ಕರವಸ್ತ್ರ ಹಿಡಿದ ಕೈ ಬೊಟ್ಟಿಗೆ ಒಂದು ಗೇಣು ದೂರದವರೆಗೂ ಹೋಯಿತು. ಹೊಟ್ಟೆ ಮಾತ್ರ ಹೋಗಲಿಲ್ಲ.

ಹಿಂದಕ್ಕೂ ಬರಲಿಲ್ಲ.

“ಉಮಾ...” ಎಂದ, ಬಾವಿಯೊಳಗಿನ ದನಿಯಲ್ಲಿ.

“ಅಯ್ಯೋ, ಹೂನಮ್ಮ ಮಾತಾಡಿದ್ಲು!” ಎಂದು ಚೀರಿದಳು ಪದ್ಮಿನಿ.

“ಹೂನಮ್ಮ ಅಲ್ಲ, ಇದು ನಮ್ಮನೆಯವರ ಸ್ವರ,” ಎಂದು ಉಮಾವತಿ ಹಿಂಬದಿಗೆ ಓಡಿದಳು. ಅಲ್ಲಿ ಎರಡು ಕಾಲು, ಒಂದರಲ್ಲಿ ಮಾತ್ರ ಶೂ. “ಎಂತ ಮಾಡ್ತಿದ್ದೀರಿ ಮಾರಾಯ್ರೆ ಒಳಗೆ?”

ಸಲಹೆಗಳು ಶುರುವಾದವು. ಗೋವಿಂದರಾಜು ಕಾಲು ಹಿಡಿದೆಳೆದ. ಪದ್ಮಿನಿ ಒಳಗಿನಿಂದ ತಲೆ ನೂಕಿದಳು. “ಉಸಿರು ಬಿಡಿ” ಎಂದರು, “ಉಸಿರು ಹಿಡೀರಿ” ಎಂದರು. ಫ್ಲಾಸ್ಕ್ ಹಿಡಿದು ಬಂದ ಹಿಲ್ಲಿ “ಬ್ರಾಂಡ್‌ವೇರ್” ಎಂದದ್ದು ಜಯಕರನಿಗೆ ಸ್ಪಷ್ಟವಾಗಿ ಅರ್ಥವಾಯಿತು. ಫೈರ್ ಎಂಜಿನ್!

ಅದಾದ ಮೇಲೆ ಹೊರಗೆ ಅವನು ಕೇಳಿದ ದನಿ ಹಿಲ್ಲಿಯದೇ, ಆದರೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಹಿಲ್ಲಿ ಗೋವಿಂದರಾಜುವಿಗೆ ಹೇಳುತ್ತಿದ್ದರು: ಇಂಗ್ಲಿಷಿನಲ್ಲಿ ಹೇಳಲೇ ಎಂದು ನಿಮ್ಮ ಸ್ನೇಹಿತರನ್ನು ಫೋನಿನಲ್ಲೇ ಕೇಳಿದ್ದೆ, ಪ್ರಾಕ್ಟೀಸಿಗೆ ಡಚ್ಚೇ ಬೇಕೇ ಎಂದರೆ ಯಾ ಯಾ ಎಂದರು, ಎಷ್ಟು ಖುಷಿಯಾಯಿತು ಗೊತ್ತೇ, ಅಂದಹಾಗೆ ಈ ಗೋರಿಯೊಳಗೆ ಇಷ್ಟು ದೂರ ಹೋದವರನ್ನು ನಾನು ನೋಡೇ ಇಲ್ಲ.

“ಗೋರಿ?” ಎಂದ ಗೋವಿಂದರಾಜು.

“ಗೋರಿ?” ಎಂದಳು ಪದ್ಮಿನಿ.

ಗೋವಿಂದರಾಜುವಿನ ನಗು ಕಾಡಿನುದ್ದಕ್ಕೂ ಉರುಳಿತು. “ಹೂನಮ್ಮನ ಮದುವೆ! ಗಂಡನ ಸಿಟ್ಟು! ಅಯ್ಯಯ್ಯೋ!” ಜಯಕರನ ಕಾಲ ಬೆರಳುಗಳು ನಾಚಿಕೆಯಿಂದ ಸುರುಟಿಕೊಂಡವು. ಹೊರಗೆಳೆಯುವುದು ಬೇಡ, ಮೇಲೊಂದು ಹಿಡಿ ಮಣ್ಣು ಹಾಕಿಬಿಡಿ ಎಂದು ಹೇಳೋಣವೆನ್ನಿಸಿತು. ಅವನಿಗಿದ್ದ ನಿಜವಾದ ಹೆದರಿಕೆ ಬೇರೆ. ರಾಜಮ್ಮನ ದನಿಯೇ ಇಲ್ಲ.

ಆಗ ಒಳಗಿನ ಕತ್ತಲಲ್ಲಿ ಬಳೆಯ ಸದ್ದಾಯಿತು. ಮಂಡಿ ನೋವಿನ ರಾಜಮ್ಮ ತೆವಳಿಕೊಂಡು ಅವನ ಮುಖದ ಹತ್ತಿರ ಬಂದು ಕೂತರು.

“ಅಮ್ಮಾ, ತಪ್ಪಾಯ್ತು. ಇದು ದೇವಸ್ಥಾನ ಅಲ್ಲ.”

“ನಂಗೊತ್ತಿತ್ತು ಕಣೋ.”

“ಹಾಂ?”

“ನೀವೆಲ್ಲ ಬಾಯಿ ನೋಡ್ತಿದ್ರಿ, ನಾನು ಆಯಮ್ಮನ ಕೈ ನೋಡ್ತಿದ್ದೆ. ಹೀಗೆ ಕೆನ್ನೆಗೆ ಕೈಕೊಟ್ಟು ಮಲಗಿದಾರೆ ಅಂದ್ಲಲ್ಲ, ಅದಕ್ಯಾವ ಭಾಷೆ ಬೇಕು? ಯಾರ ಮನೆ ತಾತ ಮುತ್ತಾತರೋ ಏನೋ. ಅವರ ಮನೆಲಿ ಮಳೆಗೆ ಬಂದು ಕೂತಿದೀವಿ. ಅವರಿಗೊಂದು ತುತ್ತು ಕೊಡದೆ ನಾವು ತಿನ್ನಕ್ಕಾಗುತ್ತಾ? ಅದಕ್ಕೇ ಎಡೆ ಇಟ್ಟೆ.”

ಜಯಕರ ಕತ್ತು ಹೊರಳಿಸಿ ನೋಡಿದ. ಬೊಟ್ಟಿನ ಕೆಳಗೆ, ಒಂದು ಕಾಗದದ ತಟ್ಟೆಯಲ್ಲಿ ಹಿಡಿ ಪುಳಿಯೋಗರೆ.

“ಸ್ನಾನ...?”

“ಮನೆಗೆ ಹೋಗಿ ಮಾಡಿದ್ರಾಯ್ತು. ಸುಮ್ನಿರು ಈಗ.” ಅವರು ಅವನ ತಲೆ ಸವರಿದರು. ಜಯಕರ ತನ್ನನ್ನೇ ಬೈದುಕೊಂಡ. ಇಂಥ ಹೆಂಗಸಿಗೆ ಸುಳ್ಳು ಹೇಳಿದೆನಲ್ಲಾ!

ಉಮಾವತಿಯ ಬ್ಯಾಗಿನಲ್ಲಿ ತೆಂಗಿನೆಣ್ಣೆ ಇತ್ತು. ಉಡುಪಿಯವರ ಬ್ಯಾಗಿನಲ್ಲಿ ಇಲ್ಲದೆ ಇರುತ್ತದೆಯೇ? ಆದರೆ ಡ್ರೆಂಟೆಯ ಚಳಿಗೆ ಅದು ಕಲ್ಲಾಗಿತ್ತು. ಹಿಲ್ಲಿ ಫ್ಲಾಸ್ಕಿನ ಮುಚ್ಚಳದ ತುಂಬಾ ಬಿಸಿ ಕಾಫಿ ಸುರಿದು ಬಾಟಲಿಯನ್ನು ಅದರಲ್ಲಿ ಅದ್ದಿದರು. ಎಣ್ಣೆ ಕರಗಿತು. ಒಳಗಿನಿಂದ ರಾಜಮ್ಮ, ಹೊರಗಿನಿಂದ ಉಮಾವತಿ, ಹಬ್ಬದ ಅಭ್ಯಂಜನಕ್ಕೆ ಹಚ್ಚುವಂತೆ ಅವನ ಹೊಟ್ಟೆಗೆ ಹಚ್ಚಿದರು. ನಗುವುದನ್ನು ನಿಲ್ಲಿಸಿ ಗೋವಿಂದರಾಜು ಹುಲ್ಲಿನ ಮೇಲೆ ಕೂತು, ಎರಡೂ ಕಾಲು ಬಂಡೆಗೆ ಒತ್ತಿ, ಜೀವ ಬಿಟ್ಟು ಎಳೆದ.

ಜಯಕರ ಹೊರಗೆ ಬಂದ. ಅವನ ಜೊತೆ ಗೋವಿಂದರಾಜು ಮಣ್ಣಿನ ಮೇಲೆ ಉರುಳಿದ. ಅಲ್ಲೇ ಕೂತು ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. “ಮೆಕ್ಸಿಕೋದಲ್ಲಿ ಇಷ್ಟು ಮಜಾ ಬರಲಿಲ್ಲ ಗುರುವೇ,” ಎಂದ ಗೋವಿಂದರಾಜು, ನಿಜವಾದ ಮನಸ್ಸಿನಿಂದಲೇ.

ಹಿಲ್ಲಿ ಎಡೆಯ ತಟ್ಟೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಪದ್ಮಿನಿ ಅರ್ಥ ಹೇಳಿದ ಮೇಲೆ ಕಣ್ಣೊರೆಸಿಕೊಂಡರು. ನಾನು ದಿನಾ ಬಂದು ಇವರಿಗೆ ಶುಭೋದಯ ಹೇಳುತ್ತೇನೆ, ಊರವರು ಹುಚ್ಚಿ ಎನ್ನುತ್ತಾರೆ, ಇವರಿಗೆ ಊಟ ಕೊಟ್ಟವರನ್ನು ಇವತ್ತೇ ಕಂಡೆ ಎಂದರು. ಕುಂಕುಮ ಒರೆಸಿದರೆ ಹೋಗುತ್ತದೆ ಬಿಡಿ ಎಂದು ಒದ್ದೆ ಬಟ್ಟೆಯಿಂದ ತಾವೇ ಮೆಲ್ಲಗೆ ಒರೆಸಿ, ರಾಜಮ್ಮನನ್ನು ಗಟ್ಟಿಯಾಗಿ ಅಪ್ಪಿಕೊಂಡರು.

ಮಳೆ ನಿಂತಿತು. ಬೆಂಚಿನ ಮೇಲೆ ಕೂತು ಎಲ್ಲರೂ ಪುಳಿಯೋಗರೆ ತಿಂದರು. ಹಿಲ್ಲಿ ಖಾರಕ್ಕೆ ಕೆಂಪಗಾಗುತ್ತಾ ಎರಡನೆಯ ಸಲವೂ ಹಾಕಿಸಿಕೊಂಡರು. ಎಣ್ಣೆಮಯನಾದ ಜಯಕರ, ಹಿಲ್ಲಿ ಕೊಟ್ಟ ಕಂಬಳಿ ಹೊದ್ದು, ಒಬ್ಬೊಬ್ಬರ ಮುಖವನ್ನೂ ನೋಡಿದ. ಎಳೆದವನು, ನೂಕಿದವಳು, ಎಣ್ಣೆ ಹಚ್ಚಿದವಳು, ಕಾಫಿ ಕೊಟ್ಟವರು. ಪರದೇಶದಲ್ಲಿ ಒಬ್ಬ ಮನುಷ್ಯನಿಗೆ ಇನ್ನೇನು ಬೇಕು?

“ಅಮ್ಮಾ, ನೀವಿಲ್ಲದಿದ್ರೆ ನಾನು ಇವತ್ತು ಅಲ್ಲೇ ಇರ್ತಿದ್ದೆ,” ಎಂದ ರಾಜಮ್ಮನಿಗೆ.

“ನಂದೇನಿದೆ? ಅವರು ಬಿಟ್ಟುಕೊಟ್ರು. ನೀನು ಒಳಗೆ ಒದ್ದಾಡೋವಾಗ ನಾನೊಂದು ಹರಕೆ ಹೊತ್ಕೊಂಡೆ.”

ಜಯಕರನ ಕಣ್ಣು ತುಂಬಿ ಬಂತು. “ನನಗೋಸ್ಕರ ಹರಕೆಯಾ ಅಮ್ಮಾ?”

“ಹೂಂ ಕಣಪ್ಪ. ಈ ಹುಡುಗನ್ನ ಬಿಟ್ಬಿಡಿ, ಈ ದೇಶದಲ್ಲಿ ನಿಮ್ಮ ಹಾಗೆ ಇನ್ನೂ ಯಾರ್ಯಾರು ಕಲ್ಲುಮನೆಲಿ ಮಲಗಿದಾರೋ ಅವರಿಗೆಲ್ಲ ಇವನೇ ಹೋಗಿ ಎಡೆ ಇಟ್ಟು ಬರ್ತಾನೆ ಅಂತ. ನಾನಂತೂ ಬುಧವಾರ ಊರಿಗೆ ಹೊರಟೆ. ಇನ್ನು ಎಷ್ಟಿರುತ್ತೆ ಮಹಾ, ಒಂದೋ ಎರಡೋ. ಕೇಳು ಗೋವಿಂದು ಆಯಮ್ಮನ್ನ.”

ಗೋವಿಂದರಾಜು ಕೇಳಿದ. ಹಿಲ್ಲಿಯ ಮುಖ ಅರಳಿತು. ಇದೂ ಸೇರಿ ಐವತ್ತನಾಲ್ಕು, ಎಂದರು; ಮುಂದಿನ ಭಾನುವಾರ ಎರಡನೆಯದಕ್ಕೆ ತಾವೇ ಜೊತೆಗೆ ಬರುವುದಾಗಿಯೂ, ಪ್ರಾಕ್ಟೀಸ್ ತಪ್ಪದಂತೆ ಪೂರ್ತಿ ಡಚ್ಚಿನಲ್ಲೇ ವಿವರಿಸುವುದಾಗಿಯೂ ಹೇಳಿದರು.

ಉಮಾವತಿ ಖಾಲಿ ಡಬ್ಬಿಯ ಮುಚ್ಚಳ ಹಾಕುತ್ತಾ, “ಇನ್ನು ಹುಣಸೆಹುಳಿ ಜಾಸ್ತಿ ತರಬೇಕು ಮಾರಾಯ್ರೆ,” ಎಂದಳು.

ಜಯಕರ ಕಂಬಳಿಯೊಳಗಿನಿಂದ ಎರಡೂ ಕೈ ಹೊರತೆಗೆದು ಜೋಡಿಸಿದ. ಅವನ ಬಾಯಿಂದ ಬಂದದ್ದು ಒಂದೇ ಮಾತು.

“ಯಾ, ಯಾ.”